ಚಿಕ್ಕಮ್ಮನ ಫೋನಿಗೆ ಬಂದ ಫಾರ್ವರ್ಡ್

ಕಳೆದ ವಾರ ಆಸ್ಪತ್ರೆಯಿಂದ ಸುರತ್ಕಲ್ ಬಸ್ಸಲ್ಲಿ ವಾಪಸ್ ಬರ್ತಾ ಇದ್ದಾಗ ಚಿಕ್ಕಮ್ಮ ಫೋನನ್ನು ನನ್ನ ಮೂಗಿಗೇ ಹಿಡಿದ್ರು. "ಇದು ನೋಡು ಮಾರಾಯ್ತಿ, ಬಾಂಬೆಯಲ್ಲಿ ಕ್ಯಾನ್ಸರಿಗೆ ಮದ್ದು ಬಂದಿದೆಯಂತೆ, ಒಂದೇ ಸಲ ಕೊಡುವುದಂತೆ, ನಮ್ಮ ಡಾಕ್ಟ್ರು ಎಂತಕ್ಕೆ ಹೇಳ್ಲಿಲ್ಲ?" ಅವರದ್ದು ಬ್ರೆಸ್ಟ್ ಕ್ಯಾನ್ಸರ್, ಹರ್-2 ಪಾಸಿಟಿವ್, ಅಂದ್ರೆ ಕ್ಯಾನ್ಸರ್ ಕಣಗಳ ಮೇಲೆ ಹರ್-2 ಅನ್ನುವ ಪ್ರೊಟೀನ್ ಜಾಸ್ತಿ, ಮೂಳೆಗೆ ಹೋಗಿದೆ. ಮೂರು ವಾರಕ್ಕೊಮ್ಮೆ ಆ ಹರ್-2ಕ್ಕೇ ಅಂಟುವ ಮದ್ದು ಟ್ರಾಸ್ಟುಜುಮ್ಯಾಬ್, ನಡುನಡುವೆ ಹಾರ್ಟಿನ ಎಕೋ.

ಫಾರ್ವರ್ಡ್ ಪೂರ್ತಿ ಸುಳ್ಳೇನಲ್ಲ, ಅದೇ ಕಷ್ಟ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಮಾಡಿದ ನೆಕ್ಸ್‌ಕಾರ್19 ಅದು, 2023ರ ಅಕ್ಟೋಬರಲ್ಲಿ ಪರ್ಮಿಷನ್ ಸಿಕ್ಕಿದ್ದು. ಪೇಷಂಟಿನ ರಕ್ತದಿಂದಲೇ ಟಿ ಕಣಗಳನ್ನು (ರೋಗದ ಜೊತೆ ಹೊಡೆದಾಡುವ ಒಂದು ಬಗೆಯ ಬಿಳಿ ರಕ್ತಕಣ) ತೆಗೆದು, ರೋಗ ತರ್ಲಿಕ್ಕೆ ಆಗದ ಹಾಗೆ ಮಾಡಿದ ವೈರಸ್ಸಿನ ಮೂಲಕ ಒಂದು ಹೊಸ ಜೀನ್ ಒಳಗೆ ಸೇರಿಸಿ, ಲ್ಯಾಬಲ್ಲಿ ಬೆಳೆಸಿ, ಡ್ರಿಪ್ಪಲ್ಲಿ ವಾಪಸ್ ಕೊಡ್ತಾರೆ, ಆಮೇಲೆ ಆ ಕಣ ಸಿಡಿ19 ಅನ್ನುವ ಗುರುತು ಇರುವ ಕಣಗಳನ್ನು ಹುಡುಕಿ ಹುಡುಕಿ ಕೊಲ್ತದೆ. ಆದ್ರೆ ಆ ಗುರುತು ಇರುವುದು ಬಿ ಕಣ ಅನ್ನುವ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಮೇಲೆ. ಹಾಗಾಗಿ ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ ಮಾತ್ರ. ಒಳ್ಳೆಯ ಬಿ ಕಣಗಳೂ ಸಾಯ್ತವೆ, ಅವಿಲ್ಲದೆ ಮನುಷ್ಯ ಹೇಗೋ ಸುಧಾರಿಸಬಹುದು.

"ಹಾಗಾದ್ರೆ ಹರ್-2ಕ್ಕೇ ಅಂಥದ್ದು ಮಾಡ್ಲಿ" ಅಂದ್ರು ಚಿಕ್ಕಮ್ಮ. ಪಿಯುಸಿಯಲ್ಲಿ ಸಯನ್ಸ್ ಬಿಟ್ಟವರು, ಕೇಳಿದ್ದು ಮಾತ್ರ ಸರಿಯಾದ ಪ್ರಶ್ನೆ. ಅಮೆರಿಕದಲ್ಲಿ ಮಾಡಿ ನೋಡಿದ್ದಾರೆ. ಕರುಳಿನ ಕ್ಯಾನ್ಸರ್ ಇದ್ದ ಒಬ್ಬರಿಗೆ ಕೊಟ್ಟು ಹದಿನೈದು ನಿಮಿಷದೊಳಗೆ ಉಸಿರು ಕಟ್ಟಿತು, ಐದು ದಿನಕ್ಕೆ ತೀರಿಕೊಂಡ್ರು, 2010ರಲ್ಲಿ ರಿಪೋರ್ಟ್ ಆದದ್ದು. ಹರ್-2 ಶ್ವಾಸಕೋಶದಲ್ಲೂ ಚೂರು ಇರ್ತದೆ, ಆ ಕಣಗಳು ಅಲ್ಲಿಗೇ ನುಗ್ಗಿದವು ಅಂತ ಡಾಕ್ಟರುಗಳ ಅಂದಾಜು. ಹಾರ್ಟಲ್ಲೂ ಉಂಟು, ಅದಕ್ಕೇ ನಿಮಗೆ ಎಕೋ ಅಂದೆ. ಆಮೇಲೆ ಪಣಂಬೂರು ದಾಟುವವರೆಗೆ ಮಾತಿಲ್ಲ.

ಇದೊಂದೇ ಹೇಳಿ ಸುಮ್ಮನಿರ್ಲಿಕ್ಕೆ ಮನಸ್ಸಾಗ್ಲಿಲ್ಲ, 2018ರದ್ದೂ ಹೇಳಿದೆ. ಅಮೆರಿಕದ ಕ್ಯಾನ್ಸರ್ ಡಾಕ್ಟ್ರು ಸ್ಟೀವನ್ ರೋಸೆನ್‌ಬರ್ಗ್ ಅವರ ಟೀಮು ಎಲ್ಲಾ ಕಡೆ ಹರಡಿದ್ದ ಸ್ತನ ಕ್ಯಾನ್ಸರಿನ ಒಬ್ಬ ಹೆಂಗಸಿನ ಗಡ್ಡೆಯೊಳಗೇ ಹೊಕ್ಕಿದ್ದ ಟಿ ಕಣಗಳನ್ನು ಆರಿಸಿ, ಕೋಟಿಗಟ್ಟಲೆ ಬೆಳೆಸಿ ವಾಪಸ್ ಕೊಟ್ಟಿತು, ಗಡ್ಡೆ ಪೂರ್ತಿ ಕರಗಿ ಹೋಯ್ತು. ಅದ್ರಲ್ಲಿ ಜೀನ್ ಬದಲಿಸಿದ್ದಿಲ್ಲ, ಜೊತೆಗೆ ಇನ್ನೊಂದು ಇಮ್ಯುನೋಥೆರಪಿ ಮದ್ದೂ ಇತ್ತು. ಎಲ್ಲರಿಗೂ ಹಾಗೇ ಆಗ್ಲಿಲ್ಲ, ಅದನ್ನೂ ಹೇಳಿದೆ, ಮುಚ್ಚಿಟ್ರೆ ನಾನೂ ಒಂದು ಫಾರ್ವರ್ಡೇ ಅಲ್ವಾ. ಆಮೇಲೆ ಟಿ ಕಣ ಬಿಟ್ಟು ಮ್ಯಾಕ್ರೋಫೇಜಿಗೆ (ಬೇಡದ್ದನ್ನು ನುಂಗಿ ಹಾಕುವ ಬಿಳಿ ರಕ್ತಕಣ) ಹರ್-2 ಗುರುತು ಕಲಿಸುವ ಟ್ರಯಲೂ ನಡೆದಿತ್ತು, ಗಟ್ಟಿ ಗಡ್ಡೆಯೊಳಗೆ ನುಗ್ಲಿಕ್ಕೆ ಅವು ಜೋರು.

ಚಿಕ್ಕಮ್ಮ ಕನ್ನಡಕ ತೆಗೆದು ಸೆರಗಲ್ಲಿ ಒರೆಸಿದ್ರು. "ಆಯ್ತು, ಎಕೋ ಗುರುವಾರಕ್ಕೆ ಹಾಕಿಸು, ಬುಧವಾರ ರಾತ್ರಿ ಮೂಲಮನೆಯಲ್ಲಿ ಕೋಲ ಉಂಟು."