ಡಿಸೆಂಬರ್ 25ನ್ನು ಹುಡುಕಿಕೊಂಡು ರೋಮಿಗೆ

ಮೊದಲು ಕೇಳಿಸಿದ್ದು ನೆಲದಡಿಯಲ್ಲಿ ನೀರು ಹರಿಯುವ ಸದ್ದು. ಕೊಲೋಸಿಯಮ್‌ನಿಂದ ಸ್ವಲ್ಪವೇ ದೂರದಲ್ಲಿರುವ ಸಂತ ಕ್ಲೆಮೆಂಟರ ಬಸಿಲಿಕಾದೊಳಗೆ ಎರಡು ಅಂತಸ್ತು ಕೆಳಕ್ಕೆ ಇಳಿದು ನಿಂತಿದ್ದೆ. ಮೇಲಿನದು ಹನ್ನೆರಡನೆಯ ಶತಮಾನದ ದೇವಾಲಯ, ಅದರ ಕೆಳಗೆ ನಾಲ್ಕನೆಯ ಶತಮಾನದ ದೇವಾಲಯ, ಅದಕ್ಕೂ ಕೆಳಗೆ, ರೋಮನ್ನರು ಸೂರ್ಯನೊಂದಿಗೆ ಸೇರಿಸಿ ಪೂಜಿಸುತ್ತಿದ್ದ ಮಿತ್ರ ದೇವರ ಗುಡಿ. ಕಬ್ಬಿಣದ ಸರಳುಗಳ ಆಚೆ ಕಮಾನು ಚಾವಣಿಯ ಕಿರಿದಾದ ಕೋಣೆ, ಎರಡೂ ಬದಿಯಲ್ಲಿ ಭಕ್ತರು ಕುಳಿತು ಉಣ್ಣುತ್ತಿದ್ದ ಕಲ್ಲಿನ ಜಗಲಿ, ನಡುವೆ ಬಲಿಪೀಠ. ಪೀಠದ ಮೇಲೆ ಗೂಳಿಯನ್ನು ಇರಿಯುತ್ತಿರುವ ಮಿತ್ರನ ಕೆತ್ತನೆ. 1857ರಲ್ಲಿ ಇಲ್ಲಿನ ಐರಿಷ್ ಡೊಮಿನಿಕನ್ ಗುರುಗಳೊಬ್ಬರು ಅಗೆಸಲು ತೊಡಗುವವರೆಗೆ ಇಷ್ಟೆಲ್ಲ ಮಣ್ಣಿನಡಿಯಲ್ಲಿಯೇ ಇತ್ತು.

ನನ್ನ ತಮ್ಮ ಇದನ್ನು ನೋಡಿದ್ದರೆ "ನಾನು ಹೇಳಿರಲಿಲ್ಲವೇ ಅಕ್ಕ" ಎನ್ನುತ್ತಿದ್ದ.

ನಾವು ಮಂಗಳೂರಿನ ಪ್ರೊಟೆಸ್ಟೆಂಟರು. 1834ರಲ್ಲಿ ಬಾಸೆಲ್ ಮಿಶನ್ನಿನವರು ಬಂದಿಳಿದ ಊರಿನಲ್ಲಿ, ಅವರು ಕಟ್ಟಿದ ಸಭೆಯಲ್ಲಿ ಬೆಳೆದವರು. ಗಾಳಿಮರದ ಕೊಂಬೆ ಕಡಿದು ತಂದು, ಮಣ್ಣು ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿ, ಹತ್ತಿಯನ್ನು ಹಿಮವಾಗಿಸುವುದು ಚಿಕ್ಕಂದಿನಿಂದ ತಮ್ಮನದೇ ಕೆಲಸವಾಗಿತ್ತು. ಕೆಲವು ವರ್ಷಗಳ ಹಿಂದೆ ಅವನು ಬೇರೊಂದು ಸಭೆಗೆ ಸೇರಿದ. ಅಲ್ಲಿ ಕ್ರಿಸ್ಮಸ್ ಇಲ್ಲ. ಅದು ಸೂರ್ಯಾರಾಧಕರ ಹಬ್ಬ, ಬೈಬಲಿನಲ್ಲಿ ತಾರೀಕು ಇಲ್ಲ, ಕಾಡಿನ ಮರ ಕಡಿದು ಬೆಳ್ಳಿಬಂಗಾರದಿಂದ ಅಲಂಕರಿಸುವುದನ್ನು ಪ್ರವಾದಿ ಯೆರೆಮೀಯನೇ ಖಂಡಿಸಿದ್ದಾನೆ, ಇವು ಅವನ ಮಾತುಗಳು. 24ರ ರಾತ್ರಿಯ ಊಟಕ್ಕೆ ಬರುವುದನ್ನೂ ಬಿಟ್ಟ. ಅಮ್ಮ ಅವನ ತಟ್ಟೆಯನ್ನು ಮಾತ್ರ ಇಡುತ್ತಲೇ ಇದ್ದರು. ಅದನ್ನು ನೋಡಲಾಗದೆ ನಾನು ಅವನೊಂದಿಗೆ ಫೋನಿನಲ್ಲಿ ಬಹಳ ಕಟುವಾಗಿ ಜಗಳವಾಡಿದೆ. ಆಮೇಲೆ, ಜಗಳವಾಡುವಷ್ಟು ನನಗೆ ವಿಷಯ ಗೊತ್ತಿಲ್ಲ ಎಂಬುದು ಹೊಳೆಯಿತು. ಆ ವರ್ಷದ ಉಳಿತಾಯವನ್ನೆಲ್ಲ ಟಿಕೆಟ್ಟಿಗೆ ಹಾಕಿ ಡಿಸೆಂಬರ್ ನಡುವಿನಲ್ಲಿ ರೋಮಿಗೆ ಹೊರಟೆ. ಈ ತಾರೀಕು ಹುಟ್ಟಿದ್ದು ರೋಮಿನಲ್ಲಿ; ಅಲ್ಲಿಯೇ ಕೇಳಬೇಕು ಎನಿಸಿತ್ತು.

ಮಿತ್ರನ ಗುಡಿಯ ಮುಂದೆ ನಿಂತಾಗ ಒಂದು ಮಾತು ನೆನಪಿನಲ್ಲಿರಬೇಕು. ಮಿತ್ರ ಹುಟ್ಟಿದ್ದು ಡಿಸೆಂಬರ್ 25ರಂದು ಎಂದು ಎಲ್ಲೆಡೆ ಬರೆಯುತ್ತಾರೆ. ಹಾಗೆಂದು ನೇರವಾಗಿ ಹೇಳುವ ಪ್ರಾಚೀನ ದಾಖಲೆ ಒಂದೂ ಸಿಕ್ಕಿಲ್ಲ. ಸಿಕ್ಕಿರುವುದು ಬೇರೆ. ಕ್ರಿ.ಶ. 354ರಲ್ಲಿ ರೋಮಿನ ಸಿರಿವಂತನೊಬ್ಬನಿಗಾಗಿ ಸಿದ್ಧಪಡಿಸಿದ ಪಂಚಾಂಗವೊಂದಿದೆ. ಮೂಲ ಹಸ್ತಪ್ರತಿ ಹೋಗಿದೆ, ನಕಲುಗಳು ಉಳಿದಿವೆ. ಅದರ ನಾಗರಿಕ ಪಟ್ಟಿಯಲ್ಲಿ ಡಿಸೆಂಬರ್ 25ರ ಎದುರು "ಅಜೇಯನ ಜನ್ಮದಿನ, 30 ರಥಸ್ಪರ್ಧೆಗಳು" ಎಂದಿದೆ. ಅಜೇಯನೆಂದರೆ ಅಜೇಯ ಸೂರ್ಯ, 274ರಲ್ಲಿ ಚಕ್ರವರ್ತಿ ಔರೇಲಿಯನ್ ಗುಡಿ ಕಟ್ಟಿಸಿಕೊಟ್ಟ ದೇವರು. ಅದೇ ಸಂಪುಟದ ಇನ್ನೊಂದು ಪಟ್ಟಿ 336ರ ಸುಮಾರಿಗೆ ಸೇರಿದ್ದು. ಅದರಲ್ಲಿ ಅದೇ ದಿನಕ್ಕೆ "ಯೂದಾಯದ ಬೇತ್ಲೆಹೇಮಿನಲ್ಲಿ ಕ್ರಿಸ್ತನು ಹುಟ್ಟಿದನು" ಎಂದಿದೆ. ಎರಡು ಹಬ್ಬಗಳಿಗೂ ಅತಿ ಹಳೆಯ ಸಾಕ್ಷಿ ಒಂದೇ ಹೊದಿಕೆಯೊಳಗಿದೆ! ಯಾರು ಯಾರಿಂದ ತೆಗೆದುಕೊಂಡರು ಎಂದು ಅದರಿಂದ ತೀರ್ಮಾನಿಸಲಾಗದು.

ಮರುದಿನ ಪ್ರಾಚೀನ ರೋಮಿನ ಮುಖ್ಯ ಚೌಕವಾಗಿದ್ದ ಫೋರಮ್ಮಿಗೆ ಹೋದೆ. ಸಣ್ಣಗೆ ಮಳೆ, ಕಲ್ಲುಹಾಸು ಜಾರುತ್ತಿತ್ತು. ಶನಿದೇವನ ಗುಡಿಯಲ್ಲಿ ಎಂಟು ಕಂಬಗಳು ಮಾತ್ರ ನಿಂತಿವೆ. ಆ ದೇವರ ಹಬ್ಬವಾದ ಸ್ಯಾಟರ್ನೇಲಿಯಾ ಆರಂಭವಾಗುತ್ತಿದ್ದುದು ಇಲ್ಲಿಂದ, ಡಿಸೆಂಬರ್ 17ಕ್ಕೆ. ಕ್ರಮೇಣ ಬೆಳೆದು 23ರವರೆಗೂ ನಡೆಯುತ್ತಿತ್ತು. ಮೇಣದ ಬತ್ತಿ ಮತ್ತು ಮಣ್ಣಿನ ಗೊಂಬೆಗಳನ್ನು ಉಡುಗೊರೆ ಕೊಡುತ್ತಿದ್ದರು, ಒಡೆಯರು ಆಳುಗಳಿಗೆ ಊಟ ಬಡಿಸುತ್ತಿದ್ದರು. ನಮ್ಮ ಹಬ್ಬದ ಮೇಲೆ ಇದರ ಛಾಯೆ ಇಲ್ಲವೆಂದು ನಾನು ಹೇಳಲಾರೆ. ಬತ್ತಿ, ಉಡುಗೊರೆ, ಬಡಿಸುವುದು ಎಲ್ಲವೂ ಇದೆ. ಆದರೆ ಒಡೆಯ ಆಳಿಗೆ ಬಡಿಸುವ ಪದ್ಧತಿಯಲ್ಲಿ ಕ್ರಿಸ್ತನಿಗೆ ವಿರುದ್ಧವಾದದ್ದು ಏನಿದೆ ಎಂದು ಮಳೆಯಲ್ಲಿ ನಿಂತು ಯೋಚಿಸಿದೆ. ಶಿಷ್ಯರ ಕಾಲು ತೊಳೆದವನು ಅವನು.

ಸಾಂತಾ ಮರಿಯಾ ಮಜ್ಜೋರೆ ದೇವಾಲಯದಲ್ಲಿ ಜನ ಬಲಿಪೀಠದ ಕೆಳಗಿನ ಗೋದಲಿಯ ಮರದ ತುಂಡುಗಳನ್ನು ನೋಡಲು ಸಾಲುಗಟ್ಟಿದ್ದರು. ಯೇಸುವನ್ನು ಮಲಗಿಸಿದ ಗೋದಲಿಯವೇ ಎಂದು ಭಕ್ತರು ನಂಬುತ್ತಾರೆ. ನನ್ನ ಕಣ್ಣು ಮಾತ್ರ ಮೇಲಿನ ಕಮಾನಿನ ಮೇಲಿತ್ತು. ಐದನೆಯ ಶತಮಾನದ ಮೊಸಾಯಿಕ್: ರೋಮಿನ ರಾಜಕುವರಿಯಂತೆ ಸಿಂಗರಿಸಿಕೊಂಡ ಮರಿಯ ಕೆನ್ನೇರಳೆ ನೂಲು ಹಿಡಿದು ಕುಳಿತಿದ್ದಾಳೆ, ಅವಳು ಗರ್ಭಿಣಿಯಾಗುವ ಸುದ್ದಿ ಹೊತ್ತು ಮೇಲಿಂದ ದೇವದೂತ ಹಾರಿ ಬರುತ್ತಿದ್ದಾನೆ. ತಾರೀಕಿನ ಇನ್ನೊಂದು ವಿವರಣೆ ಈ ಚಿತ್ರದಲ್ಲಿಯೇ ಇದೆ. ಯೇಸು ಶಿಲುಬೆಗೇರಿದ್ದು ಮಾರ್ಚ್ 25ರಂದು ಎಂದು ಆದಿ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಸುಮಾರು 200ರ ಹೊತ್ತಿಗೇ ಎಣಿಸಿದ್ದ. ತಾಯಿಯ ಗರ್ಭಕ್ಕೆ ಬಂದದ್ದೂ ಅದೇ ದಿನ ಎಂಬ ನಂಬಿಕೆ ಬೆಳೆಯಿತು. ಆಗಸ್ಟೀನ್ ಅದನ್ನು ಬರೆದಿಟ್ಟಿದ್ದಾನೆ. ಮಾರ್ಚ್ 25ಕ್ಕೆ ಒಂಬತ್ತು ತಿಂಗಳು ಕೂಡಿಸಿ! ಲೂಯಿ ದ್ಯುಶೆನ್ ಎಂಬ ಫ್ರೆಂಚ್ ವಿದ್ವಾಂಸ 1889ರಲ್ಲಿ ಈ ವಾದವನ್ನು ಮುಂದಿಟ್ಟ. ನನಗೆ ಇದು ಸೂರ್ಯನ ವಾದಕ್ಕಿಂತ ಹೆಚ್ಚು ಒಪ್ಪಿಗೆಯಾಗುತ್ತದೆ. ಆದರೆ ಒಪ್ಪಿಗೆಯಾಗಬೇಕೆಂಬ ಆಸೆ ಹೊತ್ತುಕೊಂಡೇ ಬಂದವಳು ನಾನು, ಆದ್ದರಿಂದ ಇದಕ್ಕೆ ಹೆಚ್ಚು ತೂಕ ಕೊಡಲಾರೆ.

ಕೊನೆಗೆ ವ್ಯಾಟಿಕನ್. ಚೌಕದ ನಡುವೆ ಈಜಿಪ್ಟಿನಿಂದ ಬಂದ ಶಿಲಾಸ್ತಂಭ. ಚಕ್ರವರ್ತಿ ಕಲಿಗುಲ ತರಿಸಿದ್ದು, 1586ರಲ್ಲಿ ಈಗಿನ ಜಾಗಕ್ಕೆ ಸಾಗಿಸಿದ್ದು, ಈಗ ತುದಿಯಲ್ಲಿ ಶಿಲುಬೆ ಹೊತ್ತಿದೆ. ಪಕ್ಕದಲ್ಲಿ ಎತ್ತರದ ಕ್ರಿಸ್ಮಸ್ ಮರ. ಇಲ್ಲಿ ಮರ ನಿಲ್ಲಿಸುವ ಪದ್ಧತಿ ಬಂದದ್ದು 1982ರಲ್ಲಿ, ಎರಡನೆಯ ಜಾನ್ ಪಾಲರ ಕಾಲದಲ್ಲಿ. ನಮ್ಮ ಮನೆಯ ಗಾಳಿಮರ ಅದಕ್ಕಿಂತ ಹಳೆಯದು.

ನಾನು ನೋಡಬೇಕಾಗಿದ್ದುದು ಮೆಟ್ಟಿಲುಗಳನ್ನು. ಐದನೆಯ ಶತಮಾನದ ನಡುವಿನಲ್ಲಿ ರೋಮಿನ ಬಿಷಪ್ ಆಗಿದ್ದ ಲಿಯೋ ಒಂದು ಧರ್ಮಪ್ರಸಂಗದಲ್ಲಿ ದುಃಖದಿಂದ ಹೇಳುತ್ತಾನೆ: ಕೆಲವು ಕ್ರೈಸ್ತರು ಸಂತ ಪೇತ್ರನ ದೇವಾಲಯದ ಮೆಟ್ಟಿಲುಗಳನ್ನು ಹತ್ತಿ, ಒಳಗೆ ಹೋಗುವ ಮುನ್ನ ಹಿಂತಿರುಗಿ, ಉದಯಿಸುವ ಸೂರ್ಯನಿಗೆ ತಲೆಬಾಗುತ್ತಾರೆ. ಅವರು ವಂದಿಸುವುದು ಬೆಳಕನ್ನಲ್ಲ, ಬೆಳಕನ್ನು ಸೃಷ್ಟಿಸಿದವನನ್ನೇ ಇರಬಹುದು. ಆದರೂ ಬೇಡ, ಹಳೆಯ ದೇವರುಗಳನ್ನು ಬಿಟ್ಟು ಬಂದವನೊಬ್ಬ ನೋಡಿದರೆ ಎರಡಕ್ಕೂ ವ್ಯತ್ಯಾಸವಿಲ್ಲ ಎಂದುಕೊಂಡಾನು. ಚಕ್ರವರ್ತಿ ಕಾನ್‌ಸ್ಟಂಟೈನ್ ಕಟ್ಟಿಸಿದ ಆ ದೇವಾಲಯ ಈಗಿಲ್ಲ, ಆ ಮೆಟ್ಟಿಲುಗಳೂ ಇಲ್ಲ. ಆದರೆ ಮುಂಬಾಗಿಲು ಇಂದಿಗೂ ಪೂರ್ವಕ್ಕೇ ಇದೆ. ಬೆಳಿಗ್ಗೆ ಬೇಗ ಹೋಗಿ ಈಗಿನ ಮೆಟ್ಟಿಲುಗಳ ಮೇಲೆ ನಿಂತು ಹಿಂತಿರುಗಿ ನೋಡಿದೆ. ಮೋಡ ಸರಿದು ಬಿಸಿಲು ನೇರವಾಗಿ ಮುಖಕ್ಕೆ ಬಿತ್ತು. ಚಳಿಯಲ್ಲಿ ಅದೆಷ್ಟು ಹಿತ! ಅವರು ಏಕೆ ಬಾಗುತ್ತಿದ್ದರು ಎಂದು ಅರ್ಥವಾಯಿತು, ಲಿಯೋ ಏಕೆ ನೊಂದ ಎಂಬುದೂ ಅರ್ಥವಾಯಿತು.

ನನ್ನ ತಮ್ಮ ಆಡುವುದು ಲಿಯೋನ ಮಾತನ್ನೇ. ಅವನಂಥವರು ಹಿಂದೆಯೂ ಇದ್ದರು: 1647ರಲ್ಲಿ ಇಂಗ್ಲೆಂಡಿನ ಸಂಸತ್ತು ಈ ಹಬ್ಬವನ್ನು ರದ್ದುಮಾಡಿತು, 1659ರಲ್ಲಿ ಮ್ಯಾಸಚೂಸೆಟ್ಸ್‌ನವರು ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ಹಾಕಿದರು, ಸ್ಕಾಟ್ಲೆಂಡಿನಲ್ಲಿ 1958ರವರೆಗೂ ಕ್ರಿಸ್ಮಸ್ ಸಾರ್ವಜನಿಕ ರಜೆಯಾಗಿರಲಿಲ್ಲ. ಅವರೆಲ್ಲ ಯೇಸುವನ್ನು ಪ್ರೀತಿಸದವರಲ್ಲ. ಆದರೆ ಲಿಯೋನ ಆ ಪ್ರಸಂಗ ಕ್ರಿಸ್ಮಸ್ ದಿನದ್ದು. ಅವನು ಬಾಗುವುದನ್ನು ನಿಷೇಧಿಸಿದ, ಹಬ್ಬವನ್ನು ಬಿಡಲಿಲ್ಲ. ನಾನು ನಿಲ್ಲುವುದೂ ಅಲ್ಲಿಯೇ. ಒಂದು ದಿನ ಹಿಂದೆ ಯಾರದಾಗಿತ್ತು ಎಂಬುದರಿಂದ ಅದು ಎಂದೆಂದಿಗೂ ಅವರದೇ ಆಗಿ ಉಳಿಯುವುದಿಲ್ಲ. ಮೆಟ್ಟಿಲ ಮೇಲೆ ನಿಂತವರ ಮುಖ ಬಾಗಿಲ ಕಡೆಗಿದೆಯೇ ಎಂದು ಮಾತ್ರ ನಾನು ಕೇಳುತ್ತೇನೆ.

ಆ ರಾತ್ರಿ ಹೋಟೆಲ್ ಕೋಣೆಯಲ್ಲಿ ಬೈಬಲಿನ, ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿನಾಲ್ಕನೆಯ ಅಧ್ಯಾಯ ಓದಿದೆ. ಒಬ್ಬ ಒಂದು ದಿನವನ್ನು ಶ್ರೇಷ್ಠವೆನ್ನುತ್ತಾನೆ, ಇನ್ನೊಬ್ಬ ಎಲ್ಲ ದಿನಗಳೂ ಸಮ ಎನ್ನುತ್ತಾನೆ, ಇಬ್ಬರೂ ತಂತಮ್ಮ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಲಿ ಎಂದು ಪೌಲ ಬರೆದದ್ದು ಈ ಊರಿನವರಿಗೇ. ಚಿಕ್ಕಂದಿನಿಂದ ಕೇಳಿದ ಮಾತು. ಆದರೆ ಸಹೋದರನನ್ನು ಏಕೆ ತೀರ್ಪು ಮಾಡುತ್ತೀ ಎಂಬ ಮುಂದಿನ ಪ್ರಶ್ನೆಗೆ ಬಂದಾಗ ಫೋನಿನಲ್ಲಿ ಆಡಿದ ಮಾತುಗಳೆಲ್ಲ ನೆನಪಾಗಿ ಪುಸ್ತಕ ಮುಚ್ಚಿದೆ.

ಜನವರಿ ಮೊದಲ ವಾರ ಮಂಗಳೂರಿಗೆ ಮರಳಿದೆ. ಆ ಭಾನುವಾರ ತಮ್ಮ ಊಟಕ್ಕೆ ಬಂದ. ಕ್ಷಮೆ ಕೇಳಿ, ಆಮೇಲೆ ಲಿಯೋನ ಮೆಟ್ಟಿಲುಗಳ ಕಥೆ ಹೇಳಿದೆ.

"ನೋಡು ಅಕ್ಕ, ಅವನು ನನ್ನ ಕಡೆಯವನು" ಎಂದ.

"ಅದನ್ನು ಅವನು ಹೇಳಿದ್ದು ಕ್ರಿಸ್ಮಸ್ ದಿನ" ಎಂದೆ.

ಅವನು ಉತ್ತರಿಸಲಿಲ್ಲ, ನಾನೂ ಮುಂದುವರಿಸಲಿಲ್ಲ. ಅಷ್ಟರಲ್ಲಿ ಅಮ್ಮ ಕ್ರಿಸ್ಮಸ್ ತಿಂಡಿಯಾದ ಕಲ್ಕಲ್ ತುಂಬಿದ ಡಬ್ಬಿಯನ್ನು ತಂದು ಅವನ ಮುಂದಿಟ್ಟರು. ಅವನು ಕೈ ಹಿಂದೆಗೆದ.

"ಹಬ್ಬ ಮುಗಿದು ಹತ್ತು ದಿನವಾಯಿತು ಮಗನೇ, ನಿನಗೆಂದೇ ನಿನ್ನೆ ಮತ್ತೆ ಕರಿದೆ" ಎಂದರು ಅಮ್ಮ.

ಅವನು ಡಬ್ಬಿಯ ಮುಚ್ಚಳ ತೆಗೆದ.