ರ‍್ಯಾಮ್ ಖಾಲಿ ಮಾಡೋ ಕಮಾಂಡ್ ನಾನು ಯಾಕೆ ಹೇಳುವುದಿಲ್ಲ

"ಸಾರ್, ಸರ್ವರ್‌ನಲ್ಲಿ ರ‍್ಯಾಮ್ ಫುಲ್ ಆಗಿದೆ. ಖಾಲಿ ಮಾಡೋ ಕಮಾಂಡ್ ಯಾವ್ದು?"

ಲಿನಕ್ಸ್ ಸರ್ವರ್ ನೋಡಿಕೊಳ್ಳುವವನು ಅಂತ ಗೊತ್ತಾದರೆ ಸಾಕು, ಇದೇ ಪ್ರಶ್ನೆ. ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ಖಾಲಿ ಮಾಡಬೇಡಿ. ಬಹುಪಾಲು ಸಲ ನಿಮ್ಮ ರ‍್ಯಾಮ್ ಫುಲ್ ಆಗಿರುವುದೇ ಇಲ್ಲ.

ಮೆಮೊರಿ ಲೆಕ್ಕ ತೋರಿಸುವ 'ಫ್ರೀ' ಕಮಾಂಡ್ ಹೊಡೆದಾಗ ಎಲ್ಲರ ಕಣ್ಣೂ 'ಫ್ರೀ' ಕಾಲಂಗೇ ಹೋಗುತ್ತದೆ. 16 ಜಿಬಿಯಲ್ಲಿ 300 ಎಂಬಿ ಉಳಿದಿದೆ ಅಂತ ಗಾಬರಿ. ಅದೇ ಸಾಲಿನ ಕೊನೆಯಲ್ಲಿ 'ಅವೈಲಬಲ್' ಅಂತ ಇದೆ, ಅಲ್ಲಿ 11 ಜಿಬಿ ಇರಬಹುದು. ನೋಡಬೇಕಾದ್ದು ಅದನ್ನು. ಒಮ್ಮೆ ಓದಿದ ಫೈಲನ್ನು ಲಿನಕ್ಸ್ ಬಿಡುವಿರುವ ರ‍್ಯಾಮಿನಲ್ಲಿ ಇಟ್ಟುಕೊಳ್ಳುತ್ತದೆ, ಮತ್ತೆ ಬೇಕಾದಾಗ ಡಿಸ್ಕ್ ತನಕ ಹೋಗುವುದು ತಪ್ಪಲಿ ಅಂತ. ಪ್ರೋಗ್ರಾಮಿಗೆ ಜಾಗ ಬೇಕಾದರೆ, ಹೀಗೆ ಇಟ್ಟುಕೊಂಡ ಈ ಕ್ಯಾಶ್‌ನಲ್ಲಿ ಹೆಚ್ಚಿನದನ್ನು ತಾನೇ ಬಿಟ್ಟುಕೊಡುತ್ತದೆ. ಅದನ್ನೂ ಸೇರಿಸಿದ ಅಂದಾಜೇ 'ಅವೈಲಬಲ್'. 2014ರ ಕರ್ನಲ್ (ಲಿನಕ್ಸಿನ ತಿರುಳು) 3.14ರಿಂದ ಈ ಲೆಕ್ಕ ಸಿಗುತ್ತಿದೆ. ಇಷ್ಟು ವರ್ಷವಾದರೂ ಆ ಕಾಲಂ ಕಡೆ ಯಾರೂ ನೋಡುವುದಿಲ್ಲ ಅನ್ನೋದೇ ನನ್ನ ಸಂಕಟ.

ಒಂದು ಕಡೆ ಬಿಲ್ಲಿಂಗ್ ಸರ್ವರ್ ಗಂಟೆಗೊಮ್ಮೆ ನಿಧಾನ ಆಗುತ್ತಿತ್ತು. ಡೇಟಾಬೇಸ್ ಪೋಸ್ಟ್‌ಗ್ರೆಸ್, ಅದು ಈ ಕ್ಯಾಶನ್ನು ತುಂಬಾ ನೆಚ್ಚಿಕೊಂಡಿರುತ್ತದೆ. ಮೆಮೊರಿ, ಡಿಸ್ಕ್, ಸಿಪಿಯು ಲೆಕ್ಕವನ್ನು ಸೆಕೆಂಡಿಗೊಂದು ಸಾಲು ತೋರಿಸುವ 'ವಿಎಂಸ್ಟ್ಯಾಟ್ 1' ಹಾಕಿಕೊಂಡು ಕೂತೆ. ಗಂಟೆ ಹನ್ನೊಂದಾದದ್ದೇ ತಡ, ಡಿಸ್ಕಿನಿಂದ ಓದಿದ್ದನ್ನು ತೋರಿಸುವ 'ಬಿಐ' ಕಾಲಂ ಸೊನ್ನೆಯ ಆಸುಪಾಸಿನಿಂದ ಐದಂಕಿಗೆ ಹೋಯಿತು. ಜೊತೆಗೆ ಸಿಪಿಯು ಡಿಸ್ಕಿಗಾಗಿ ಕಾದ ಹೊತ್ತು ತೋರಿಸುವ 'ಡಬ್ಲ್ಯೂಎ' ಕೂಡ ಏರಿತು. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಪಟ್ಟಿ ತೆಗೆದು ನೋಡಿದರೆ, 'ಡ್ರಾಪ್ ಕ್ಯಾಶಸ್' ಫೈಲಿಗೆ ಗಂಟೆಗೊಮ್ಮೆ 3 ಬರೆಯುವ ಸಾಲು! ಅಂದರೆ ಇಟ್ಟುಕೊಂಡ ಕ್ಯಾಶನ್ನು ಬಿಸಾಡು ಅಂತ ಆಜ್ಞೆ. ಹಾಕಿದವರು ಪಕ್ಕದಲ್ಲೇ ನಿಂತು, "ನೋಡಿ ಸಾರ್, ಫ್ರೀ ಎಷ್ಟು ಜಾಸ್ತಿ ಆಯ್ತು" ಅಂದರು. ಅತ್ತ ಕೌಂಟರ್‌ನಲ್ಲಿ ಕೂತ ಹುಡುಗಿ "ಸರ್ವರ್ ಸ್ಲೋ ಇದೆ, ಸ್ವಲ್ಪ ಇರಿ" ಅಂತ ಸಾಲಲ್ಲಿ ನಿಂತವರ ಹತ್ತಿರ ಬೈಸಿಕೊಳ್ಳುತ್ತಿದ್ದಳು. ನನಗೆ ಸಿಟ್ಟು ಬಂತು, ಈಗಲೂ ಬರುತ್ತದೆ. ಆ ಸಾಲು ತೆಗೆದೆ. ಹನ್ನೆರಡು ಗಂಟೆಗೆ 'ಬಿಐ' ಅಲುಗಾಡಲಿಲ್ಲ.

'ಟಾಪ್' ಕಮಾಂಡ್ ತೋರಿಸುವ, ಸರಾಸರಿ ಎಷ್ಟು ಕೆಲಸ ಓಡುತ್ತಿವೆ ಅಥವಾ ಸರದಿಗೆ ಕಾದಿವೆ ಅನ್ನುವ ಲೋಡ್ ಆವರೇಜ್‌ದೂ ಇದೇ ಗೋಳು. 8 ಅಂದರೆ ಜಾಸ್ತಿನಾ? ಎಷ್ಟು ಕೋರ್ ಇದೆ ಅಂತ 'ಎನ್‌ಪ್ರಾಕ್' ಹೊಡೆದು ನೋಡದೆ ಹೇಳಲು ಬರುವುದಿಲ್ಲ. ಮೇಲಾಗಿ ಲಿನಕ್ಸ್ ಡಿಸ್ಕಿಗೆ ಕಾಯುತ್ತಾ 'ಡಿ' ಸ್ಥಿತಿಯಲ್ಲಿ ಕೂತ ಪ್ರೋಗ್ರಾಮುಗಳನ್ನೂ ಅದರಲ್ಲಿ ಎಣಿಸುತ್ತದೆ. ಸಿಪಿಯು ಸುಮ್ನೆ ಕೂತಿದ್ದರೂ ಲೋಡ್ 20 ಆಗಬಹುದು.

ನನ್ನನ್ನು ಯಾರಾದರೂ "ಯಾವುದು ಯಾತಕ್ಕೆ ಕಾಯ್ತಾ ಇದೆ?" ಅಂತ ಕೇಳಲಿ ಅಂತ ಆಸೆ. ಅದಕ್ಕೆ ಊಟ ಬಿಟ್ಟು ಎದ್ದು ಬಂದು ಉತ್ತರ ಹೇಳುತ್ತೇನೆ. 2018ರ ಕರ್ನಲ್ 4.20ರಿಂದ 'ಪ್ರಾಕ್' ಒಳಗೆ 'ಪ್ರೆಶರ್' ಅನ್ನೋ ಡೈರೆಕ್ಟರಿ ಇದೆ. ಕೆಲವು ಡಿಸ್ಟ್ರೋಗಳಲ್ಲಿ (ಲಿನಕ್ಸಿನ ಬೇರೆ ಬೇರೆ ರೂಪಗಳಲ್ಲಿ) ಬೂಟ್ ಆಗುವಾಗ ಆನ್ ಮಾಡಿಕೊಳ್ಳಬೇಕು. ಅದರಲ್ಲಿ ಸಿಪಿಯು, ಮೆಮೊರಿ, ಐಓ (ಡಿಸ್ಕಿನ ಓದು-ಬರಹ) ಒಂದೊಂದಕ್ಕೂ ಒಂದು ಫೈಲ್. ಮೆಮೊರಿ ಫೈಲಿನ 'ಸಮ್' ಸಾಲಲ್ಲಿ 'ಆವರೇಜ್ 10' ನೋಡಿ. ಕಳೆದ ಹತ್ತು ಸೆಕೆಂಡಿನಲ್ಲಿ ಶೇಕಡಾ ಎಷ್ಟು ಹೊತ್ತು ಯಾವುದಾದರೂ ಪ್ರೋಗ್ರಾಮ್ ಮೆಮೊರಿಗಾಗಿ ಕಾದಿತು ಅಂತ ಹೇಳುತ್ತದೆ. ನಿಧಾನ ಆದ ಹೊತ್ತಲ್ಲೂ ಅಲ್ಲಿ 0.00 ಇದ್ದರೆ ರ‍್ಯಾಮ್ ತಂಟೆಗೆ ಹೋಗಬೇಡಿ, ಕಾರಣ ಬೇರೆ ಕಡೆ ಇದೆ.

ನಿಜವಾಗಿಯೂ ರ‍್ಯಾಮ್ ಸಾಲದಿದ್ದರೆ ಗೊತ್ತಾಗದೆ ಇರುವುದಿಲ್ಲ. ವಿಎಂಸ್ಟ್ಯಾಟ್‌ನಲ್ಲಿ 'ಎಸ್‌ಐ', 'ಎಸ್‌ಓ' ಎರಡೂ, ಅಂದರೆ ಡಿಸ್ಕಿನ ಸ್ವಾಪ್ ಜಾಗದಿಂದ ಮೆಮೊರಿಗೆ ಬಂದದ್ದು ಮತ್ತು ಮೆಮೊರಿಯಿಂದ ಅಲ್ಲಿಗೆ ಹೋದದ್ದು, ಬಿಡದೆ ಓಡುತ್ತಿರುತ್ತವೆ. ಕರ್ನಲ್ ಸಂದೇಶ ತೋರಿಸುವ 'ಡಿಮೆಸ್ಜ್' (dmesg) ಕಮಾಂಡ್‌ನಲ್ಲಿ, ಕರ್ನಲ್ ಯಾವ ಪ್ರೋಗ್ರಾಮನ್ನು ಕೊಂದಿತು ಅಂತ ಹೆಸರು ಹಿಡಿದು ಬರೆದಿರುತ್ತದೆ. ಆಗ 'ಟಾಪ್'ನಲ್ಲಿ ದೊಡ್ಡ 'ಎಂ' ಒತ್ತಿ (ಹೆಚ್ಚು ಮೆಮೊರಿ ತಿಂದದ್ದು ಮೇಲೆ ಬರುತ್ತದೆ), ನಿಜವಾಗಿ ತಿಂದ ಜಾಗ ತೋರಿಸುವ 'ರೆಸ್' ಕಾಲಂ ನೋಡಿ. 'ವರ್ಟ್' ನೋಡಿ ಹೆದರಬೇಡಿ, ಅದು ಕೇಳಿಟ್ಟ ಜಾಗ, ತಿಂದ ಜಾಗ ಅಲ್ಲ.

ಇಷ್ಟಾದರೂ ಬಗೆಹರಿಯದಿದ್ದರೆ ಬನ್ನಿ, ಖಂಡಿತ ಕೂತು ನೋಡೋಣ. ಬರುವಾಗ 'ವಿಎಂಸ್ಟ್ಯಾಟ್ 1 10' ಕೊಟ್ಟ ಸಾಲುಗಳನ್ನು ತನ್ನಿ. ಮೊದಲ ಸಾಲು ಬೇಡ, ಅದು ಮಷೀನ್ ಆನ್ ಆದಾಗಿನಿಂದ ಬಂದ ಸರಾಸರಿ.