214 ಕಾರ್ಡುಗಳಿಗೆ ಒಂದೇ ಸಾಲು

2024ರ ದೀಪಾವಳಿಗೆ ನಮ್ಮ ಬ್ಯಾಂಕ್ ಶಾಖೆಗೆ ಸತತ ನಾಲ್ಕು ದಿನ ರಜೆ ಬಂತು. ಅಕ್ಟೋಬರ್ 31 ನರಕ ಚತುರ್ದಶಿ, ನವೆಂಬರ್ 1 ರಾಜ್ಯೋತ್ಸವ, 2 ಬಲಿಪಾಡ್ಯಮಿ, 3 ಭಾನುವಾರ. 4ರ ಸೋಮವಾರ ಶಟರ್ ಎತ್ತುವ ಹೊತ್ತಿಗೆ ಮೆಟ್ಟಿಲವರೆಗೂ ಸಾಲು ನಿಂತಿತ್ತು. ನವೆಂಬರ್ ತಿಂಗಳಾದ್ದರಿಂದ ಪಿಂಚಣಿದಾರರೂ ತಾವು ಬದುಕಿದ್ದೇವೆಂಬ ಲೈಫ್ ಸರ್ಟಿಫಿಕೇಟ್ ಕೊಡಲು ಬಂದಿದ್ದರು.

ಅವರಲ್ಲಿ ಆ ಅಮ್ಮನೂ ಇದ್ದರು. ಅವರ ಯಜಮಾನರು ನಿವೃತ್ತ ಮೇಷ್ಟ್ರು. ಜುಲೈನ ಜಡಿಮಳೆಯಲ್ಲಿ ತೀರಿಕೊಂಡಿದ್ದರು. ಅವರ ಹಣವನ್ನು ಮನೆಯವರಿಗೆ ಕೊಡಿಸುವ ಕ್ಲೇಮ್ ನನ್ನ ಕೈಯಲ್ಲೇ ಆಗಿತ್ತು. ಎಸ್‌ಬಿ ಖಾತೆ ಈದರ್ ಆರ್ ಸರ್ವೈವರ್, ಅಂದರೆ ಒಬ್ಬರು ತೀರಿಕೊಂಡರೆ ಇನ್ನೊಬ್ಬರು ನಡೆಸಬಹುದಾದ ಜಂಟಿ ಖಾತೆ ಆಗಿದ್ದರಿಂದ ಅಲ್ಲಿ ಹೆಸರು ತೆಗೆದರೆ ಮುಗಿಯಿತು. ಎರಡು ಎಫ್‌ಡಿಗಳು ಮಾತ್ರ ಮೇಷ್ಟ್ರೊಬ್ಬರ ಹೆಸರಿನಲ್ಲಿದ್ದವು, ಅಮ್ಮ ನಾಮಿನಿ. ಅವರಿಗೆ ಆಗಷ್ಟೇ ಕಣ್ಣಿನ ಪೊರೆ ತೆಗೆಸಿದ್ದರಿಂದ ಫಾರಂಗಳನ್ನೆಲ್ಲ ನಾನೇ ಕನ್ನಡದಲ್ಲಿ ತುಂಬಿ, ಓದಿ ಹೇಳಿ, ಸಹಿ ಹಾಕಿಸಿಕೊಂಡಿದ್ದೆ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ 15 ದಿನಗಳ ಅವಕಾಶವಿದೆ. ನಾನು ಆರನೆಯ ದಿನಕ್ಕೇ ಹಣ ಜಮಾ ಮಾಡಿಸಿದ್ದೆ. ಆ ಕುಟುಂಬಕ್ಕೆ ನನ್ನಿಂದ ಒಳ್ಳೆಯದಾಯಿತು ಎಂಬ ಸಮಾಧಾನ ನನಗಿತ್ತು.

ಸರದಿ ಬಂದಾಗ ನನ್ನ ಮೇಜಿನ ಮುಂದೆ ಕುಳಿತು, ಬಟ್ಟೆಯ ಚೀಲದಿಂದ ಪಿಂಚಣಿ ಆದೇಶದ ಪಿಪಿಒ, ಆಧಾರ್, ಪಾಸ್‌ಬುಕ್ ಒಂದೊಂದಾಗಿ ತೆಗೆದಿಟ್ಟರು. ಕೊನೆಗೆ ಒಂದು ಲಕೋಟೆ ತೆಗೆದರು. ನಮ್ಮದೇ ಬ್ಯಾಂಕಿನ ದೀಪಾವಳಿ ಕಾರ್ಡು. ಅದನ್ನು ಬಿಡಿಸಿ ನನ್ನ ಕಡೆಗೆ ತಿರುಗಿಸಿ ಇಟ್ಟು ಕೇಳಿದರು:

“ಇದು ನಿಮ್ಮ ಅಕ್ಷರ ಅಲ್ಲವೇ ತಂಗಿ?”

ಲಕೋಟೆಯ ಮೇಲೆ ಮೇಷ್ಟ್ರ ಹೆಸರು. ಒಳಗೆ ಅಚ್ಚಾದ ಶುಭಾಶಯದ ಕೆಳಗೆ ನೀಲಿ ಶಾಯಿಯಲ್ಲಿ ಒಂದು ಸಾಲು: “ಈ ದೀಪಾವಳಿ ನಿಮ್ಮ ಮನೆಯ ಕತ್ತಲನ್ನೆಲ್ಲ ಕಳೆದು ಸಂಭ್ರಮ ತುಂಬಲಿ.” ಳಕಾರವನ್ನು ಕೊನೆಯಲ್ಲಿ ಸ್ವಲ್ಪ ಹೆಚ್ಚೇ ಸುತ್ತಿ ಬರೆಯುವುದು ನನ್ನ ಚಿಕ್ಕಂದಿನ ಅಭ್ಯಾಸ. ಕ್ಲೇಮ್ ಫಾರಂನಲ್ಲೂ ಹಾಗೆಯೇ ಬರೆದಿದ್ದೆ. ಅವರು ಅದನ್ನು ನೆನಪಿಟ್ಟುಕೊಂಡಿದ್ದರು.

ಆಗ ನನ್ನ ಬಾಯಿಂದ ಬಂದ ಮಾತು ಇಂದಿಗೂ ಕುಟುಕುತ್ತದೆ. “ಪಟ್ಟಿ ರೀಜನಲ್ ಆಫೀಸಿನಿಂದ ಬರುತ್ತದಮ್ಮ, ಮಾರ್ಚ್ 31ರ ಬ್ಯಾಲೆನ್ಸ್ ನೋಡಿ ಅವರೇ ಲೇಬಲ್ ಕಳಿಸುತ್ತಾರೆ” ಎಂದೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮಾರ್ಚ್ ಪಟ್ಟಿಯಲ್ಲಿ ಮೇಷ್ಟ್ರು ಬದುಕಿದ್ದರು. ಆದರೆ ಅಮ್ಮ ಕೇಳಿದ್ದು ಪಟ್ಟಿಯ ವಿಷಯವನ್ನಲ್ಲ.

ಅಮ್ಮ ದನಿ ಎತ್ತಲಿಲ್ಲ. “ಹೆಸರು ಮೆಷಿನ್ನಿನದ್ದು ಅಂತ ನನಗೂ ಗೊತ್ತಾಯಿತು. ಅದಕ್ಕೆ ಬೇಜಾರಿಲ್ಲ. ಕೈಬರಹ ನೋಡಿ, ನೀವು ನಮ್ಮನ್ನು ನೆನಪು ಮಾಡಿಕೊಂಡು ಏನೋ ಬರೆದಿದ್ದೀರಿ ಅಂದುಕೊಂಡು ಮೊಮ್ಮಗಳ ಹತ್ತಿರ ಓದಿಸಿದೆ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಈ ವರ್ಷ ನಮಗೆ ಹಬ್ಬವಿಲ್ಲ. ಅಂಟಿಗೆ-ಪಂಟಿಗೆಯವರು ಕೇರಿಗೆ ಬಂದಾಗಲೂ ನಾವು ಹೊರಗೆ ಬರಲಿಲ್ಲ” ಎಂದರು. ಹಿಂದಿನ ಸಾಲಿನಲ್ಲಿದ್ದ ಯಾರೋ ಬೇಗ ಮಾಡಿ ಎಂದು ಕೂಗಿದರು. ನಾನು ಕಾರ್ಡನ್ನೇ ನೋಡುತ್ತಿದ್ದೆ. ಕ್ಷಮಿಸಿ ಎಂದು ಹೇಳಿದ್ದು ಅವರು ಎದ್ದು ನಿಂತ ಮೇಲೆ.

ಮಲೆನಾಡಿನ ದೀಪಾವಳಿ ಗೊತ್ತಿದ್ದವರಿಗೆ ಆ ಮಾತಿನ ತೂಕ ಗೊತ್ತು. ನಮ್ಮಲ್ಲಿ ಅದು ದೊಡ್ಡಹಬ್ಬ. ಅಂಟಿಗೆ-ಪಂಟಿಗೆಯವರು ರಾತ್ರಿಯಿಡೀ ಪದ ಹಾಡುತ್ತಾ ಮನೆಮನೆಗೆ ದೀಪ ತರುತ್ತಾರೆ. ಅಂಥ ಹಬ್ಬವನ್ನು ಬಿಟ್ಟು ಕುಳಿತ ಮನೆಗೆ ಸಂಭ್ರಮ ತುಂಬಲಿ ಎಂದು ಬರೆದು, ಐದು ರೂಪಾಯಿಯ ಸ್ಟ್ಯಾಂಪು ಹಚ್ಚಿ ಕಳಿಸಿದ್ದೆ.

ಆ ಸಾಲು ಹುಟ್ಟಿದ್ದು ಹೀಗೆ. ಪ್ರತಿ ಕಾರ್ಡಿನಲ್ಲೂ ಕೈಬರಹದ ಒಂದು ಸಾಲು ಇರಲೇಬೇಕು, ಬರೆಯುತ್ತಿರುವ ಫೋಟೊ ಗುಂಪಿಗೆ ಹಾಕಬೇಕು ಎಂದು ಮೇಲಿನಿಂದ ಸೂಚನೆ ಬಂದಿತ್ತು. 214 ಕಾರ್ಡುಗಳು, ದಿನದ ಲೆಕ್ಕ ಮುಗಿಸುವ ಡೇ-ಎಂಡ್ ಆದ ಮೇಲೆ ಮೂರು ಸಂಜೆ, ಬರೆಯುವವಳು ನಾನೊಬ್ಬಳೇ. ಅದರ ಮೇಲೆ ಲ್ಯಾಮಿನೇಷನ್ ಮಾಡಿದ ಹೊಳಪು ಕಾಗದ. ಬಾಲ್‌ಪೆನ್ ಜಾರುತ್ತದೆ, ಜೆಲ್‌ಪೆನ್ ಒಣಗದೆ ಅಂಗೈಗೆ ಅಂಟುತ್ತದೆ. ಕೈಯಿಂದ ಬರೆಯಿರಿ ಎನ್ನುವವರು ಬರೆಯಲು ಬರುವ ಕಾಗದವನ್ನಾದರೂ ಕೊಡಬೇಕಲ್ಲವೇ? ಮೊದಲ ಹತ್ತು ಕಾರ್ಡುಗಳಿಗೆ ಯೋಚಿಸಿ ಬರೆದೆ. ಆಮೇಲೆ ಒಂದು ಚೆಂದದ ಸಾಲು ಕಟ್ಟಿಕೊಂಡು ಎಲ್ಲದಕ್ಕೂ ಅದನ್ನೇ ಇಳಿಸುತ್ತಾ ಹೋದೆ. ಮೂವತ್ತರ ಹೊತ್ತಿಗೆ ಲೇಬಲಿನ ಮೇಲೆ ಕಣ್ಣಾಡಿಸುವುದೂ ನಿಂತಿತ್ತು. ಅದೇ ಹೆಸರನ್ನು ಆಗಸ್ಟ್‌ನಲ್ಲಿ ಮರಣ ಪ್ರಮಾಣಪತ್ರದೊಂದಿಗೆ ಅಕ್ಷರ ಅಕ್ಷರ ಹೋಲಿಸಿ ನೋಡಿದ್ದವಳು ನಾನು.

ಆ ವಾರವೇ ರೀಜನಲ್ ಆಫೀಸಿಗೆ ಪತ್ರ ಬರೆದೆ. ಹಬ್ಬದ ಪಟ್ಟಿಯನ್ನು ಹಬ್ಬದ ತಿಂಗಳಿನದ್ದೇ ಕೊಡಿ, ಡಿಸೀಸ್ಡ್ (ಮೃತ) ಎಂದು ಗುರುತಾದ ಗ್ರಾಹಕರನ್ನು ಬಿಟ್ಟು ಕೊಡಿ ಎಂದು ಕೇಳಿದೆ. ಮಾರ್ಚ್ ಅಂಕಿಅಂಶವೇ ಅಧಿಕೃತ ಎಂಬ ಉತ್ತರ ಬಂತು. ಸಿಸ್ಟಮ್‌ನಲ್ಲಿ ಇರುವ ಮಾಹಿತಿಯನ್ನು ಬಳಸಲು ಇಷ್ಟು ಹಟ ಏಕೋ ನನಗೆ ತಿಳಿಯದು. ಈಗ ಲೇಬಲ್ ಬಂದ ದಿನವೇ ಡೆತ್ ಕ್ಲೇಮ್ ರಿಜಿಸ್ಟರನ್ನು ಪಕ್ಕಕ್ಕಿಟ್ಟುಕೊಂಡು ಟಿಕ್ ಹಾಕುತ್ತೇನೆ. ಅದಕ್ಕೆ ನಲವತ್ತು ನಿಮಿಷ ಸಾಕು. ರಿಜಿಸ್ಟರಿಗೆ ಬಾರದ ಸಾವುಗಳನ್ನು ನಮ್ಮ ಅಟೆಂಡರ್ ಹೇಳುತ್ತಾರೆ. ಊರಿನ ಯಾವ ಮನೆಯಲ್ಲಿ ಹಬ್ಬವಿಲ್ಲ ಎಂಬುದು ಅವರಿಗೆ ಗೊತ್ತು. ಆ ಮನೆಗಳಿಗೆ ಕಾರ್ಡು ಬೇಡ. ಬರೆಯುವ ಮನಸ್ಸಿದ್ದರೆ ಬಿಳಿ ಹಾಳೆಯಲ್ಲಿ, ಹಬ್ಬದ ಹೆಸರೆತ್ತದೆ, ನಾಲ್ಕು ಸಾಲು.

ಉಳಿದವರಲ್ಲಿ ನನಗೆ ನಿಜವಾಗಿ ಪರಿಚಯವಿರುವವರು ತೊಂಬತ್ತು ಜನ ಇರಬಹುದು. ಅವರಿಗಷ್ಟೇ ಬರೆಯುತ್ತೇನೆ, ಅವರೇ ನನಗೆ ಹೇಳಿದ ಒಂದು ಸಂಗತಿಯನ್ನು ಹಿಡಿದು. “ಕೊಳೆರೋಗಕ್ಕೆ ಮೂರು ಸಲ ಮದ್ದು ಹೊಡೆಸಿದೆ ಎಂದಿದ್ದಿರಿ. ಉಳಿದ ಅಡಿಕೆ ಚೆನ್ನಾಗಿ ಕೈಸೇರಲಿ.” ಸಾಲ, ಠೇವಣಿ, ಬಡ್ಡಿಯ ಮಾತು ಎತ್ತುವುದಿಲ್ಲ. ಲಕೋಟೆಯನ್ನು ಮನೆಯಲ್ಲಿ ಯಾರು ಒಡೆಯುತ್ತಾರೋ ನಮಗೆ ಗೊತ್ತಿಲ್ಲ, ಸೊಸೆಗೆ ಗೊತ್ತಿಲ್ಲದ ಸಾಲ ಮಾವನಿಗಿರಬಹುದು. ಪರಿಚಯವಿಲ್ಲದವರ ಕಾರ್ಡಿಗೆ ಸಹಿ ಮಾತ್ರ. ಬರಿಯ ಸಹಿಯಿಂದ ಯಾರಿಗೂ ನೋವಾಗಲಿಲ್ಲ. ಲ್ಯಾಮಿನೇಷನ್ ಕಾರ್ಡಿನೊಳಗೆ ನಾನೇ ತಂದ ಬಾಂಡ್ ಹಾಳೆಯ ತುಂಡನ್ನು ಅಂಟಿಸಿ ಅದರ ಮೇಲೆ ಬರೆಯುತ್ತೇನೆ.

2025ರ ದೀಪಾವಳಿ ಅಕ್ಟೋಬರ್‌ನಲ್ಲೇ ಬಂತು. ಮೇಷ್ಟ್ರ ವರ್ಷದ ತಿಥಿ ಮುಗಿದಿತ್ತು. ಅಮ್ಮನಿಗೆ ಬರೆಯಲೇ ಬೇಡವೇ ಎಂದು ಎರಡು ದಿನ ಯೋಚಿಸಿ, ಕೊನೆಗೆ ಬರೆದೆ: “ಮೇಷ್ಟ್ರು ಬ್ಯಾಂಕಿಗೆ ಬಂದಾಗಲೆಲ್ಲ ಚಲನ್ ತುಂಬಲು ಪೆನ್ನಿಲ್ಲದವರಿಗೆ ತಮ್ಮ ಪೆನ್ನು ಕೊಟ್ಟು, ಅವರು ಬರೆದು ಮುಗಿಸುವವರೆಗೂ ಕ್ಯಾಪ್ ಹಿಡಿದು ನಿಂತಿರುತ್ತಿದ್ದರು. ಹಬ್ಬಕ್ಕೆ ನಿಮ್ಮ ನೆನಪಾಯಿತು.”

ನವೆಂಬರ್‌ನಲ್ಲಿ ಲೈಫ್ ಸರ್ಟಿಫಿಕೇಟಿಗೆ ಅಮ್ಮ ಮತ್ತೆ ಬಂದರು. ಕಾಗದಗಳನ್ನು ಕೊಟ್ಟು, “ಆ ಪೆನ್ನು ಮನೆಯಲ್ಲೇ ಇದೆ. ನಿಬ್ಬು ಬಾಗಿದೆ, ಪೇಟೆಯಲ್ಲಿ ಎಲ್ಲಿ ಸಿಗುತ್ತದೆ ತಂಗಿ?” ಎಂದು ಕೇಳಿದರು. ಬಸ್ ನಿಲ್ದಾಣದ ಎದುರಿನ ಸ್ಟೇಷನರಿ ಅಂಗಡಿಯನ್ನು ಹೇಳಿದೆ. ಅವರು ಬೆರಳಚ್ಚಿನ ಯಂತ್ರದ ಮೇಲೆ ಬೆರಳಿಟ್ಟರು. ಮೊದಲ ಸಲ ತೆಗೆದುಕೊಳ್ಳಲಿಲ್ಲ. ಸೆರಗಿನಿಂದ ಬೆರಳು ಒರೆಸಿಕೊಂಡು ಮತ್ತೆ ಇಟ್ಟರು.